ಹೆಸರು ಉಜ್ಜಿದ ಬೋಗುಣಿ

ಫಿಲೋಮಿನಕ್ಕ, ನಿಮ್ಮ ಅಮ್ಮನ ಹಿತ್ತಾಳೆ ಬೋಗುಣಿಯನ್ನು ನಿಮ್ಮ ತಂಗಿ ಸೆಲಿನ್ ತೆಗೆದುಕೊಂಡಿರಲಿಲ್ಲ. ಅದು ನಮ್ಮ ಮನೆಯಲ್ಲಿದೆ. ಊಟಕ್ಕೆ ಕೂರುವ ಮುಂಚೆ ನೀವು ಕೈ ತೊಳೆಯುತ್ತೀರಲ್ಲ, ನಮ್ಮ ಹಜಾರದ ಮೂಲೆಯ ಆ ಬೇಸಿನ್ — ಅದೇ. ಅದರ ಮೇಲಿದ್ದ ನಿಮ್ಮ ಅಮ್ಮನ ಹೆಸರನ್ನು ಉಜ್ಜಿ ಅಳಿಸಿದವಳು ನಾನು. ಯಾರದೆಂದು ತಿಳಿಯದೆ ಅಳಿಸಿದ್ದಲ್ಲ. ತಿಳಿದ ಮೇಲೆ, ತಿಳಿದ ಕಾರಣಕ್ಕೇ ಅಳಿಸಿದೆ.

ವಿಜಯನಗರದ ನಮ್ಮ ಮನೆಗೆ ಆಗ ಗೋಡೆ, ಸೂರು ಆಗಿತ್ತು, ಒಳಗೆ ಏನೂ ಇರಲಿಲ್ಲ. ನನ್ನ ಗಂಡ ಕಡಕೊಳದ ಕಾರ್ಖಾನೆಯಿಂದ ತರುವ ಸಂಬಳ ಬ್ಯಾಂಕಿನ ಸಾಲಕ್ಕೇ ಸರಿಹೋಗುತ್ತಿತ್ತು. ಮನೆಯನ್ನು ಮನೆ ಮಾಡುವ ಕೆಲಸ ನನ್ನ ತಲೆಗೆ ಬಿತ್ತು — ನನಗೋ ಅದೇ ಖುಷಿ. ಕೆಸರೆಯ ಗುಜರಿ ಅಂಗಡಿಗಳನ್ನು ಸುತ್ತಿ ಸುತ್ತಿ, ಯಾರೋ ಬಿಸಾಕಿದ ಕಿಟಕಿಗೆ ಕನ್ನಡಿ ಕೂರಿಸಿದೆ. ಹೊಲಿಗೆ ಮಿಷನ್ನಿನ ಕಬ್ಬಿಣದ ಕಾಲಿಗೆ ಹಲಗೆ ಬಿಗಿದು ಊಟದ ಮೇಜು ಮಾಡಿದೆ. ಎದುರು ಮನೆಯ ನೀವು, ಆಗಷ್ಟೇ ಟೀಚರ್ ಕೆಲಸದಿಂದ ನಿವೃತ್ತರಾಗಿದ್ದವರು, ಹಳೆ ಸೀರೆಗಳಲ್ಲಿ ಪರದೆ ಹೊಲಿಯುವುದನ್ನು ಪಕ್ಕದಲ್ಲಿ ಕೂತು ಕಲಿಸಿದಿರಿ. ಬಂದವರು "ಇದನ್ನೆಲ್ಲಾ ನೀವೇ ಮಾಡಿದ್ದಾ?" ಎಂದು ಕಣ್ಣರಳಿಸಿದರೆ ನಾನು ನೆಲದ ಮೇಲಿರುತ್ತಿರಲಿಲ್ಲ. ಹೊಗಳಿಕೆಯ ಹುಚ್ಚು ನನಗೆ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಕೈ ಬಿಗಿಯಾಗಿತ್ತು ಎಂದು ನೆಪ ಹೇಳಬಾರದು.

ಬೋಗುಣಿಯನ್ನು ಕಂಡದ್ದು ಅಕ್ರಂ ಸಾಬರ ಅಂಗಡಿಯಲ್ಲಿ, ತುಕ್ಕು ಹಿಡಿದ ಸೈಕಲ್ಲುಗಳ ಹಿಂದೆ. ಅಗಲ ಬಾಯಿ, ದುಂಡು ತಳ. ನೋಡಿದ ಕೂಡಲೇ ಅದು ಬೇಸಿನ್ ಆಗಿ, ನಲ್ಲಿಯ ಕೆಳಗೆ, ಮಿರಮಿರ ಮಿಂಚುತ್ತಾ ಕಣ್ಣಿಗೆ ಕಟ್ಟಿತು. ಹೊರಮೈ ಮೇಲೆ, ಪಾತ್ರೆ ಅಂಗಡಿಯವರು ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆಯುತ್ತಾರಲ್ಲ, ಹಾಗೆ ಹೆಸರಿತ್ತು: ಜ್ಞಾನಮ್ಮ. ಪಕ್ಕದಲ್ಲೊಂದು ಶಿಲುಬೆ. ಕದ್ದ ಮಾಲಲ್ಲ ತಾನೇ ಎಂದು ಕೇಳಿದೆ.

"ಕದ್ದ ಮಾಲು ನಾನ್ ಮುಟ್ಟಲ್ಲ ಕಣಮ್ಮ," ಎಂದರು ಸಾಬರು. "ಆ ಅಜ್ಜಿನೇ ಆಟೋದಲ್ಲಿ ತಂದು ಕೊಟ್ಬುಟ್ಟು ಹೋದ್ರು. ಇಬ್ರು ಹೆಣ್ಮಕ್ಳು, ಇರೋದೊಂದೇ ಬೋಗುಣಿ, ನಾನ್ ಹೋದ್ಮೇಲೆ ಇದಕ್ಕೋಸ್ಕರ ಕಿತ್ತಾಡ್ತಾರೆ, ನನ್ ಕೈಯಾರೆ ಕಳಿಸ್ಬುಡ್ತೀನಿ ಅಂದ್ರು. ಮಕ್ಳಿಗೆ ಹೇಳ್ಬೇಡಿ ಅಂತ್ಲೂ ಅಂದ್ರು. ಹೋಗೋವಾಗ ಅದ್ರ ಮೇಲೆ ಕೈ ಇಟ್ಕೊಂಡು ಸುಮಾರೊತ್ತು ನಿಂತಿದ್ರು."

ಅಯ್ಯೋ ಪಾಪ ಎಂದುಕೊಂಡೆ. ಅಷ್ಟೇ. ಯಾವ ಅಜ್ಜಿ, ಎಲ್ಲಿಯ ಹೆಣ್ಣುಮಕ್ಕಳು ಎಂದು ಕೇಳಲಿಲ್ಲ. ನಿಮ್ಮ ಅಮ್ಮ ಕೆಸರೆಯಲ್ಲಿ ಸೆಲಿನ್ ಮನೆಯಲ್ಲಿದ್ದರು, ಅವರ ಹೆಸರು ಕೇಳುವ ಸಂದರ್ಭ ನನಗೆ ಬಂದಿರಲಿಲ್ಲ. ಮಾರನೆಯ ದಿನವೇ ಲೇತ್ ಅಂಗಡಿಗೆ ಹೊತ್ತುಕೊಂಡು ಹೋಗಿ, ನೀರು ಹರಿದುಹೋಗಲು ತಳಕ್ಕೊಂದು ತೂತು ಹೊಡೆಸಿ ತಂದೆ.

ಅದೇ ವಾರ ನೀವು ಬಂದಿರಿ. ನಿಮ್ಮ ಅಮ್ಮ ತೀರಿಕೊಂಡು ತಿಂಗಳಾಗಿತ್ತು. ಮಾತಾಡಿಸುವ ಮೊದಲೇ ಅತ್ತಿರಿ.

"ಸೆಲಿನ್ ನುಂಗ್ಬುಟ್ಳು ಕಣೆ ಭಾಗ್ಯ. ಅಮ್ಮನ ಬೋಗುಣಿ. ನಮ್ಮನ್ನ ಅದ್ರಲ್ಲೇ ಕೂರ್ಸಿ ನೀರು ಹಾಕ್ತಿದ್ರು, ಕ್ರಿಸ್ಮಸ್ಸಿಗೆ ಕಜ್ಜಾಯದ ಹಿಟ್ಟು ಅದ್ರಲ್ಲೇ ಕಲಸ್ತಿದ್ರು. ಅಮ್ಮನ ಹೆಸರಿತ್ತು, ಪಕ್ಕದಲ್ಲಿ ಶಿಲುಬೆ. ಈಗ ಕೇಳಿದ್ರೆ ಗೊತ್ತಿಲ್ಲ ಅಂತಾಳೆ. ಅವಳ ಮನೇಲಿದ್ದಿದ್ದು ಅವಳಿಗೆ ಗೊತ್ತಿಲ್ವಂತೆ!" ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಿರಿ. "ನೀನು ಗುಜರಿ ಅಂಗಡಿನೆಲ್ಲಾ ಸುತ್ತುತೀಯಲ್ಲ, ಎಲ್ಲಾದ್ರೂ ಕಂಡಿದ್ಯಾ?"

ಬೋಗುಣಿ ಆಗ ನಾವು ಕೂತ ಗೋಡೆಯ ಆಚೆ, ಹಿತ್ತಲಲ್ಲಿ, ಗೋಣಿಚೀಲದ ಕೆಳಗಿತ್ತು.

"ಇಲ್ಲಕ್ಕ, ಕಂಡಿಲ್ಲ," ಎಂದೆ.

ಯಾಕೆ ಹಾಗೆಂದೆ? ತೂತು ಹೊಡೆಸಿಬಿಟ್ಟಿದ್ದೆ, ಹೇಗೆ ತೋರಿಸಲಿ ಎಂದು ಹೆದರಿದೆ — ಬಹಳ ದಿನ ನನಗೆ ನಾನೇ ಹೀಗೆ ಹೇಳಿಕೊಂಡೆ. ಸುಳ್ಳು. ತೂತು ಮುಚ್ಚಿಸಬಹುದಿತ್ತು. ಮುಚ್ಚಿಸದೆಯೇ ತಂದು ಕೊಟ್ಟಿದ್ದರೂ ನೀವು ಎದೆಗೆ ಅಪ್ಪಿಕೊಳ್ಳುತ್ತಿದ್ದಿರಿ. ಗೃಹಪ್ರವೇಶ ಹತ್ತಿರ ಬಂದಿತ್ತು. ಆ ಬೇಸಿನ್ ನನಗೆ ಬೇಕಿತ್ತು. ಒಂದು ಪಾತ್ರೆಯ ಆಸೆಗೆ ನಿಮ್ಮ ಅಮ್ಮನ ಕೊನೆಯ ಮಾತನ್ನು ನುಂಗಿಕೊಂಡೆ. ನುಂಗಿದವಳು ನಾನು, ಸೆಲಿನ್ ಅಲ್ಲ.

ನೀವು ಗೇಟು ದಾಟಿದ ಮೇಲೆ ಪ್ಲಂಬರ್ ಬಿಟ್ಟುಹೋಗಿದ್ದ, ಪೈಪು ಉಜ್ಜುವ ಗ್ರೈಂಡರ್ ಎತ್ತಿಕೊಂಡೆ. ಹಿತ್ತಾಳೆಯ ಪುಡಿ ನನ್ನ ಮುಂಗೈ ಮೇಲೆಲ್ಲಾ ಹಾರಿ ಕೂತಿತು. ಮೊದಲು ಶಿಲುಬೆ ಹೋಯಿತು, ಆಮೇಲೆ ಹೆಸರು. ಹೊರಗೆ ನುಣ್ಣಗಾಯಿತು. ಆದರೆ ಉಳಿಯ ಏಟಿಗೆ ಒಳಮೈಯಲ್ಲಿ ಸಣ್ಣ ಸಣ್ಣ ಉಬ್ಬುಗಳು ಎದ್ದಿದ್ದವು. ಅವಕ್ಕೆ ಗ್ರೈಂಡರ್ ತಾಗಲಿಲ್ಲ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಮಾತ್ರ ಸಿಗುತ್ತವೆ. ಹುಣಸೆಹಣ್ಣು ಹಾಕಿ ತಿಕ್ಕುವಾಗಲೆಲ್ಲಾ ನನ್ನ ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ತೆಗೆಯಬೇಕೆಂದರೂ — ಹೋಗಲಿ ಬಿಡಿ, ನನ್ನ ಬೆರಳಿನ ಕಥೆ ಯಾರಿಗೆ ಬೇಕು?

ಗೃಹಪ್ರವೇಶದ ದಿನ ಎಲ್ಲರೂ ಬೇಸಿನ್ನಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನೀವೂ ಹೊಗಳಿದಿರಿ. ಕೈ ತೊಳೆಯುತ್ತಾ, "ಒಳಗೇನೋ ತರಿತರಿ ಸಿಗುತ್ತಲ್ಲೇ," ಎಂದಿರಿ. "ಹಳೇದಲ್ವಾ ಅಕ್ಕ," ಎಂದೆ. ನಕ್ಕುಬಿಟ್ಟೆ ಕೂಡ.

ಆಮೇಲೊಂದು ಕ್ರಿಸ್ಮಸ್‌ಗೆ ಸೆಲಿನ್ ಬಂದಿದ್ದಳು. ನಿಮಗಿದು ಅರ್ಧ ಮಾತ್ರ ಗೊತ್ತು. ನಿಮ್ಮ ಗೇಟಿನ ಮುಂದೆ ಕಜ್ಜಾಯದ ಡಬ್ಬಿ ಹಿಡಿದು ನಿಂತಿದ್ದಳು, ಒಳಗೆ ದೀಪ ಉರಿಯುತ್ತಿತ್ತು, ನೀವು ಬಾಗಿಲು ತೆಗೆಯಲಿಲ್ಲ. ನಾನು ನಮ್ಮ ಜಗಲಿಯಲ್ಲಿ ಕೂತು ಹಳೆ ಕುರ್ಚಿಗೆ ಬಣ್ಣ ಬಳಿಯುತ್ತಿದ್ದೆ. ರಸ್ತೆ ದಾಟಿ ನನ್ನ ಹತ್ತಿರ ಬಂದಳು. ಎಂದೂ ಮಾತಾಡಿದವಳಲ್ಲ. ಡಬ್ಬಿ ನನ್ನ ಕೈಗೆ ಕೊಟ್ಟು, "ಅಕ್ಕನಿಗೆ ಕೊಟ್ಬುಡಿ. ನಾನ್ ತಗೊಂಡಿಲ್ಲ ಕಣ್ರೀ. ಯಾರಿಗಂತ ಹೇಳ್ಲಿ, ಯಾರ್ ನಂಬ್ತಾರೆ?" ಎಂದಳು. ಇಡೀ ಮೈಸೂರಿನಲ್ಲಿ ಅವಳ ಮಾತು ನಿಜವೆಂದು ಗೊತ್ತಿದ್ದದ್ದು ಅಕ್ರಂ ಸಾಬರನ್ನು ಬಿಟ್ಟರೆ ನನಗೆ. ಅವಳು ಬಂದು ಹೇಳಿಕೊಂಡದ್ದೂ ನನ್ನ ಹತ್ತಿರವೇ. ಬ್ರಷ್ಷಿನಿಂದ ಬಣ್ಣ ತೊಟ್ಟಿಕ್ಕುತ್ತಿತ್ತು. "ಕೊಡ್ತೀನಿ," ಎಂದೆ.

ಡಬ್ಬಿ ತಂದಾಗ ನೀವು ಮುಟ್ಟಲಿಲ್ಲ. "ನೀನೇ ತಿನ್ಕೋ," ಎಂದಿರಿ. ಅವಳ ಮಾತನ್ನು ನಿಮಗೆ ಮುಟ್ಟಿಸಲೂ ಇಲ್ಲ ನಾನು. ಕಜ್ಜಾಯ ನಾವೇ ತಿಂದೆವು. ಚೆನ್ನಾಗಿದ್ದವು.

ನಾಳೆ ಹೇಳುತ್ತೇನೆ, ಮುಂದಿನ ಹಬ್ಬಕ್ಕೆ ಹೇಳುತ್ತೇನೆ — ಹೀಗೇ ವರ್ಷಗಳನ್ನು ದೂಡಿದೆ. ಹೇಳದ ಮಾತು ಹಳೆಯದಾದಷ್ಟೂ ಹೇಳುವುದು ಕಷ್ಟ. ಅಕ್ಕತಂಗಿಯರ ಜಗಳ ತಾನೇ, ಅವರೇ ಸರಿಹೋಗುತ್ತಾರೆ ಎಂದೂ ಅಂದುಕೊಂಡೆ. ಸೆಲಿನ್‌ಗೆ ಇನ್ನೂ ಆಯುಸ್ಸಿದೆ ಎಂದುಕೊಂಡಿದ್ದೆ.

ಹೋದ ತಿಂಗಳು ಅವಳನ್ನು ಮಣ್ಣು ಮಾಡಿ ನೀವು ನೇರವಾಗಿ ನಮ್ಮ ಮನೆಗೇ ಬಂದಿರಿ. ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದಿರಂತೆ, ಪೆಟ್ಟಿಗೆಯ ಹತ್ತಿರ ಹೋಗಲಿಲ್ಲವಂತೆ, ಎಲ್ಲರೂ ಹೋದ ಮೇಲೆ ಒಂದು ಹಿಡಿ ಮಣ್ಣು ಹಾಕಿ ಬಂದಿರಂತೆ. ಸಮಾಧಿಯ ಮಣ್ಣು ನಿಮ್ಮ ಕೈಯಲ್ಲಿತ್ತು. ಬೇಸಿನ್ನಿನಲ್ಲಿ ಕೈ ತೊಳೆದಿರಿ, ಮುಖಕ್ಕೆ ನೀರು ಹಾಕಿಕೊಂಡಿರಿ. ಮಣ್ಣು ನೀರಿನಲ್ಲಿ ಕರಗಿ ಆ ತೂತಿನಿಂದ ಇಳಿದುಹೋಯಿತು. ನಾನು ಟವೆಲ್ ಹಿಡಿದು ನಿಂತಿದ್ದೆ.

"ತಪ್ಪಾಯ್ತು ಅಂತ ಒಂದ್ಮಾತು ಅಂದಿದ್ರೆ ಸಾಕಿತ್ತು ಭಾಗ್ಯ," ಎಂದಿರಿ. "ಕ್ಷಮಿಸ್ಬುಡ್ತಿದ್ದೆ. ಕೊನೇವರ್ಗೂ ಒಪ್ಕೊಳ್ಲೇ ಇಲ್ವಲ್ಲ."

ಅವಳು ಏನನ್ನು ಒಪ್ಪಿಕೊಳ್ಳಬೇಕಿತ್ತು ಅಕ್ಕ? ಮಣ್ಣಿಗೆ ಹೋದ ಮೇಲೂ ನಿಮ್ಮ ಬಾಯಲ್ಲಿ ಅವಳು ಕಳ್ಳಿಯಾಗಿಯೇ ಉಳಿದಳು. ಆ ಹೊತ್ತಿನಲ್ಲೂ ನಾನು ಟವೆಲ್ ಕೊಟ್ಟೆನೇ ಹೊರತು ನಿಜ ಹೇಳಲಿಲ್ಲ.

ನಿನ್ನೆ ಬೋಗುಣಿಯನ್ನು ಗೋಡೆಯಿಂದ ಕಿತ್ತೆ. ಗಂಡನಿಗೆ ಎಲ್ಲ ಹೇಳಿದೆ. ಅವರು ಎದ್ದು ಹೋಗಿ ನಲ್ಲಿ ಮುಚ್ಚಿದರು. ಈ ಬೆಳಿಗ್ಗೆ ಕೆಸರೆಗೆ ಹೋಗಿ ಸೆಲಿನ್ ಮಗಳನ್ನು ಕಂಡು ಬಂದೆ. ಮೊದಲು ನಿಮಗೆ ಹೇಳಬೇಕಿತ್ತೇನೋ, ಆದರೆ ಕಳ್ಳಿಯ ಮಗಳು ಅನ್ನಿಸಿಕೊಂಡವಳು ಅವಳು. ಅಜ್ಜಿ ಆಟೋದಲ್ಲಿ ಬಂದದ್ದು, ಅಂದ ಮಾತು, ನಾನು ಅಳಿಸಿದ್ದು — ಒಂದೂ ಬಿಡದೆ ಹೇಳಿದೆ. ಹುಡುಗಿ ಬೈಯುತ್ತಾಳೆ, ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಆಸ್ಪತ್ರೇಲಿ ಅಮ್ಮಂಗೆ ಎಚ್ಚರ ಇದ್ದಾಗ ಬರ್ಬೇಕಿತ್ತು ನೀವು," ಎಂದಳು. "ದೊಡ್ಡಮ್ಮ ಬಂದ್ರಾ, ದೊಡ್ಡಮ್ಮ ಬಂದ್ರಾ ಅಂತ ಕೇಳ್ತಾನೇ ಇದ್ರು."

ಈ ಮಾತನ್ನು ನಿಮ್ಮಿಂದ ಮುಚ್ಚಿಟ್ಟರೆ ಇನ್ನೊಂದು ಕಳ್ಳತನವಾಗುತ್ತದೆ, ಅದಕ್ಕೇ ಬರೆದಿದ್ದೇನೆ. ಅವಳಿಗೆಂದು ಎತ್ತಿಟ್ಟುಕೊಂಡಿದ್ದ ಕ್ಷಮೆಯನ್ನು ನನಗೆ ಕೊಡಬೇಡಿ, ಅಕ್ಕ.