ಕಾಕೂನ ಕಾರು ಕುಡಿದ ಎಣ್ಣೆ

ಹೊಸ ರಬ್ಬರ್ ಹಾಸಿನ ವಾಸನೆ ನಿಮಗೆ ಗೊತ್ತಿರಬೇಕು. ಕೂಸಿನ ಕೆಳಗೆ ಹಾಸುತ್ತಾರಲ್ಲ, ಅದು. ಮಡಿಕೆ ಬಿಚ್ಚಿದ ಕೂಡಲೇ ಬಿಳಿ ಪುಡಿ ಹಾರುತ್ತದೆ, ಟಯರ್ ಅಂಗಡಿಯೇ ಮೂಗಿನೊಳಗೆ ಬಂದು ಕೂತಂತಾಗುತ್ತದೆ. ಹೋದ ವಾರ ನಮ್ಮ ಮನೆಯಲ್ಲಿ ಆ ವಾಸನೆ ತುಂಬಿಕೊಂಡಿತು. ಯಾಕೆಂದರೆ ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮಗಳ ಮಗಳು. ಹಾಲಿನವನಿಗೆ ಹೇಳಿದೆ, ಬಸ್ಸಿನ ಕಂಡಕ್ಟರನಿಗೆ ಹೇಳಿದೆ, ಗುರುತು ಪರಿಚಯ ಇಲ್ಲದ ಒಬ್ಬ ಪೊಲೀಸಪ್ಪನನ್ನು ನಿಲ್ಲಿಸಿ ಹೇಳಿದೆ. ಅವನು ಪಾಪ, ಏನೋ ಕಂಪ್ಲೇಂಟ್ ಇರಬೇಕೆಂದು ಗಾಬರಿಯಾಗಿದ್ದ. ಈಗ ನಿಮಗೂ ಹೇಳಿದಂತಾಯಿತು.

ಮೊದಲನೇ ದಿನ ನನ್ನ ಹೆಂಡತಿ ಆ ಹಾಸಿನ ಮೇಲೆ ಕಾಲು ಚಾಚಿ ಕೂತು, ಬೆಚ್ಚಗೆ ಮಾಡಿದ ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟುಕೊಂಡು ಕೂಸಿಗೆ ಹಚ್ಚತೊಡಗಿದಳು. ಎರಡು ಹನಿ ರಬ್ಬರ್ ಮೇಲೆ ಬಿದ್ದವು. ನನಗೆ ತಡೆಯಲಾಗಲಿಲ್ಲ.

"ಏ, ಎಣ್ಣಿ ರಬ್ಬರ್ ಮ್ಯಾಲೆ ಬೀಳಾಕತ್ತೈತಿ! ಮದಲ ಆ ಹಾಸು ತಗಿ!"

"ಕೂಸಿನ ಮಾರಿ ನೋಡೂದು ಬಿಟ್ಟು ಹಾಸು ನೋಡಾಕತ್ತೀರಲ್ಲ, ಏನ್ ಮನಷ್ಯಾರ್ರೀ ನೀವು!" ಎಂದಳು ಹೆಂಡತಿ.

ಮಂಚದ ಮೇಲೆ ಮಲಗಿದ್ದ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಪ್ಪಾ, ಇದು ಕಾಕೂನ ಕಾರಲ್ಲೋ!"

ನಾನೂ ನಕ್ಕೆ. ನಗುತ್ತಾ ನಗುತ್ತಾ ಆ ಕಾಕೂನ ಬಗ್ಗೆ ಬರೆಯಬೇಕು ಅನ್ನಿಸಿತು. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಆದರೂ ಈ ವಿಷಯ ನನ್ನಷ್ಟು ಚೆನ್ನಾಗಿ ಬಲ್ಲವರು ಈಗ ಊರಲ್ಲಿ ಇಲ್ಲ.

ಕಾಕು ಅಂದರೆ ಚಿಕ್ಕಮ್ಮ, ಆದರೆ ನನಗೆ ರಕ್ತಸಂಬಂಧವಲ್ಲ. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಹತ್ತಿ ವ್ಯಾಪಾರದ ಸಾಹುಕಾರರಿದ್ದರು, ಅವರ ಹೆಂಡತಿ. ಓಣಿಗೆಲ್ಲ ಕಾಕು, ನನಗೂ ಕಾಕು. ನಾನು ಅವರ ಕಾರಿನ ಡ್ರೈವರ್. ಸಾಹುಕಾರರು ಆ ಕಾರನ್ನು ಮುಂಬೈಯಿಂದ ಕೊಂಡು ತಂದಿದ್ದರು. ಪರದೇಶದ್ದು, ಭಾರೀ ಕಾರು, ಬರುವಾಗಲೇ ಹಳೆಯದು. ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದಂತೆ ಧಪ್ ಅನ್ನುತ್ತಿತ್ತು. ನಮ್ಮ ಓಣಿಯಲ್ಲಿ ಅದು ಬಂದರೆ ಎರಡೂ ಬದಿಯ ಕಟ್ಟೆಯ ಮೇಲೆ ಕೂತವರು ಕಾಲು ಎತ್ತಿಕೊಳ್ಳಬೇಕು. ಬೈಯುತ್ತಲೇ ಎತ್ತಿಕೊಳ್ಳುತ್ತಿದ್ದರು.

ಸಾಹುಕಾರರು ತೀರಿಕೊಂಡ ಮೇಲೆ ಆ ಕಾರಿಗೆ ಕೆಲಸವಿರಲಿಲ್ಲ. ಕಾಕು ಅದಕ್ಕೆ ಒಂದು ಕೆಲಸ ಹುಡುಕಿದರು. ಓಣಿಯ ಯಾವ ಮನೆಯ ಹೆಣ್ಣುಮಗಳು ದವಾಖಾನೆಯಲ್ಲಿ ಹಡೆದರೂ, ಕೂಸು ಮನೆಗೆ ಬರುವುದು ಈ ಕಾರಿನಲ್ಲೇ. ನಮ್ಮವರು, ಮುಸಲ್ಮಾನರು ಎಂಬ ಭೇದವಿಲ್ಲ. ಕರೆಯಲು ಕಾಕೂನೇ ಹೋಗುತ್ತಿದ್ದರು. ಕೂಸು ಮನೆ ಮುಟ್ಟಿದ ಮೇಲೆ ಎಣ್ಣೆ ಹಚ್ಚಿ ನೀರು ಎರೆಯುವುದೂ ಅವರೇ. ಏನು ಕೈ ಅವು! ಕಿರಿಕಿರಿ ಮಾಡುವ ಕೂಸು ಅವರ ಕಾಲ ಮೇಲೆ ಬಿದ್ದರೆ ಅಳುತ್ತಲೇ ನಿದ್ದೆ ಹೋಗುತ್ತಿತ್ತು. ಎಣ್ಣೆಯ ಮೇಲೆ ಅವರಿಗೆ ಅಷ್ಟು ನಂಬಿಕೆ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿಯ ಪೂಜೆ ಮಾಡುತ್ತೇವಲ್ಲ, ಕುಂಕುಮ ಹಚ್ಚಿ, ಕಾಯಿ ಒಡೆದು, ನಿಂಬೆಹಣ್ಣು ಗಾಲಿಯ ಕೆಳಗಿಟ್ಟು... ಕಾಕು ಅಷ್ಟಕ್ಕೆ ಬಿಡುತ್ತಿರಲಿಲ್ಲ. ಶೇಂಗಾ ಎಣ್ಣೆಯ ಬಟ್ಟಲು, ಒಂದು ಕುಂಚ ನನ್ನ ಕೈಗೆ ಕೊಟ್ಟು, "ಬುಡಕ ಹೋಗಿ ಎಲ್ಲಾ ಕೀಲಿಗೂ ಹಚ್ಚೋ ತಮ್ಮಾ, ಅದೂ ಒಂದು ಜೀವಽ" ಅನ್ನುತ್ತಿದ್ದರು. ನಾನು ಗೋಣಿಚೀಲ ಹಾಸಿಕೊಂಡು ಕಾರಿನ ಅಡಿ ಮಲಗಿ ಹಚ್ಚುತ್ತಿದ್ದೆ. ಎಣ್ಣೆ ನನ್ನ ಕಿವಿಯೊಳಗೂ ಇಳಿಯುತ್ತಿತ್ತು.

ಇಲ್ಲಿ ಬುಶ್ ಅಂದರೇನು ಎಂದು ಹೇಳಿಬಿಡಬೇಕು. ಗಾಲಿಯನ್ನು ಹಿಡಿದ ಕಬ್ಬಿಣದ ತೋಳು ಕಾರಿನ ಮೈಗೆ ಕೂಡುವಲ್ಲಿ, ಕಬ್ಬಿಣಕ್ಕೆ ಕಬ್ಬಿಣ ತಾಗಬಾರದೆಂದು ನಡುವೆ ಗಟ್ಟಿ ರಬ್ಬರಿನ ಒಂದು ಉಂಗುರ ಕೂಡಿಸಿರುತ್ತಾರೆ. ಅದು ಬುಶ್. ರಸ್ತೆಯ ಪೆಟ್ಟನ್ನೆಲ್ಲ ಅದು ನುಂಗಿಕೊಳ್ಳುತ್ತದೆ, ಒಳಗೆ ಕೂತವರಿಗೆ ಗೊತ್ತಾಗಗೊಡುವುದಿಲ್ಲ. ಅದು ಹೋಯಿತೆಂದರೆ ತಗ್ಗಿಗೊಮ್ಮೆ ಕಟ್, ಉಬ್ಬಿಗೊಮ್ಮೆ ಕಟ್. ಸ್ಟೇರಿಂಗ್ ತನ್ನ ಮನಸ್ಸಿಗೆ ಬಂದ ಕಡೆ ಎಳೆಯುತ್ತದೆ. ವರ್ಷಗಟ್ಟಲೆ ಬಾಳಬೇಕಾದ ಮಾಲು ಅದು. ಕಾಕೂನ ಕಾರಿನಲ್ಲಿ ಮಾತ್ರ ಒಂದು ವರ್ಷವೂ ನಿಲ್ಲುತ್ತಿರಲಿಲ್ಲ. ಗ್ಯಾರೇಜಿನ ಮಿಸ್ತ್ರಿ ರಬ್ಬರನ್ನು ಬೈಯುತ್ತಿದ್ದ, "ಮುಂಬೈಯವರು ಖೊಟ್ಟಿ ಮಾಲ್ ಕೊಡಾಕತ್ತಾರ್ರೀ" ಅಂತ. ನಾನು ರಾಯಾಪುರದ ರೋಡನ್ನು ಬೈಯುತ್ತಿದ್ದೆ. ಆಗ ಆ ರೋಡಿನಲ್ಲಿ ಧಾರವಾಡಕ್ಕೆ ಹೋಗಿಬರುವುದೆಂದರೆ ಕಾರಿನ ಜೊತೆ ನಮ್ಮ ಸೊಂಟದ ಕೀಲೂ ಕಳಚುತ್ತಿತ್ತು.

ದೇಶಪಾಂಡೆ ನಗರದಲ್ಲಿ ಸಾಹುಕಾರರ ತಮ್ಮ ಇದ್ದರು. ನಾವು ಸಣ್ಣ ಸಾಹುಕಾರ್ರು ಅನ್ನುತ್ತಿದ್ದೆವು. ಒಂದು ಸಲ ಬುಶ್ ಹೋದಾಗ ಅವರು ಬಂದು ಪಡಸಾಲೆಯಲ್ಲಿ ಅತ್ತಿಗೆಯ ಮುಂದೆ ಕೂತರು.

"ವೈನಿ, ಇದು ಕಾರಲ್ಲ, ಬಾಣಂತಿ. ಇದರ ಆರೈಕಿನಽ ಮುಗಿಯಂಗಿಲ್ಲ. ಗುಜರಿಗೆ ಹಾಕಿಬಿಡ್ರಿ."

"ಬಾಣಂತಿ ಅಂತೀ, ಗುಜರಿಗೆ ಹಾಕು ಅಂತೀ. ನಾಚ್ಕಿ ಬರಂಗಿಲ್ಲೇನೋ ನಿನಗ?" ಎಂದರು ಕಾಕು.

"ನಗಬ್ಯಾಡ್ರಿ. ಒಂದ್ ದಿನ ಅದು ಎಳಕೊಂಡ್ ಹೋಗಿ ಗ್ವಾಡಿಗೆ ಬಡದ್ರ? ಒಳಗ ಇರೂದು ಮಂದಿ ಕೂಸು."

ಕಾಕೂನ ಮುಖದ ನಗು ಇಳಿಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಹೇಳಿದರು, "ಇನ್ನೊಂದು ಸಲ ಹೊಸಾ ಬುಶ್ ಹಾಕಸ್ತೇನಿ. ಬರೂ ಯುಗಾದಿ ಮಟಾ ಅದು ತಡೀಲಿಲ್ಲಂದ್ರ, ಕೀಲಿಕೈ ನಾನಽ ನಿನ್ನ ಕೈಯಾಗ ಕೊಡ್ತೇನಿ. ಆ ಮ್ಯಾಲೆ ನೀ ಗುಜರಿಗಿ ಹಾಕು, ಸುಟ್ಟು ಬೂದಿ ಮಾಡು, ಕೇಳಂಗಿಲ್ಲ."

ಅವರು ಮಾತು ಕೊಟ್ಟರೆಂದರೆ ಮುಗಿಯಿತು. ಗಂಡನ ವ್ಯಾಪಾರವೆಲ್ಲ ಬಾಯಿಮಾತಿನ ಮೇಲೆ ನಡೆದ ಮನೆ ಅದು.

ಹೊಸ ಬುಶ್ ಬಂದವು. ಈ ಸಲ ಯಾವ ಕಾರಣಕ್ಕೂ ಕೆಡಬಾರದೆಂದು ಕಾಕು ಏನು ಮಾಡಿದರು ಗೊತ್ತೇ? "ಅಮಾಸಿಗಿ ಅಷ್ಟಽ ಸಾಲಂಗಿಲ್ಲ ತಮ್ಮಾ, ಹುಣ್ಣಿವಿಗೂ ಎಣ್ಣಿ ಹಚ್ಚು" ಎಂದರು. ನಾನೂ ಧಾರಾಳವಾಗಿ ಹಚ್ಚಿದೆ. ಕಾರಿನ ಅಡಿ ಬೆಕ್ಕುಗಳು ಬಂದು ನೆಕ್ಕುವಷ್ಟು.

ಆ ಚಳಿಗಾಲ ನನ್ನ ಹೆಂಡತಿ ಹಡೆದಳು. ಅವಳಿಗೆ ತವರಿನಲ್ಲಿ ತಾಯಿ ಇರಲಿಲ್ಲ. "ತಾಯಿ ಇಲ್ಲಂದ್ರ ನಾ ಸತ್ತೇನೇನು?" ಎಂದು ಕಾಕು ಬಾಣಂತನ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಮಗಳನ್ನು ಕರೆದುಕೊಂಡು ಬರುವ ದಿನ ನಾನು ಕಾರನ್ನು ಕನ್ನಡಿ ಮಾಡಿದ್ದೆ. ಹಿಂದೆ ಹೆಂಡತಿ, ಕೂಸು. ನನ್ನ ಪಕ್ಕದಲ್ಲಿ ಕಾಕು. ಓಣಿಯ ಕಡೆ ಹೊರಳುವಲ್ಲಿ ಒಂದು ತಗ್ಗು. ನಿಧಾನಕ್ಕೇ ಇಳಿಸಿದೆ.

ಕಟ್.

ಕಾಕು ನನ್ನ ಕಡೆ ನೋಡಲಿಲ್ಲ. "ಡಿಕ್ಕ್ಯಾಗ ಏನರ ಇಟ್ಟೀಯೇನೋ?"

"ಇಲ್ರಿ ಕಾಕು."

ಮತ್ತೊಂದು ತಗ್ಗು. ಕಟ್.

"ಹಂಗಾರ ಅದಽ," ಎಂದರು. ಯುಗಾದಿ ಇನ್ನೂ ದೂರವಿತ್ತು.

ಮನೆಗೆ ಬಂದು ಕೂಸಿಗೆ ದೃಷ್ಟಿ ನಿವಾಳಿಸಿ ಒಳಗೆ ಕಳಿಸಿದರು. ನನ್ನನ್ನು ಊಟಕ್ಕೆ ಕೂಡಿಸಿದರು. ರೊಟ್ಟಿ ಬಡಿಸಿದರು, ಪಲ್ಯ ಬಡಿಸಿದರು. ಉಪ್ಪಿನಕಾಯಿ ತರುತ್ತೇನೆಂದು ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಅಳುತ್ತಿದ್ದಾರೇನೋ ಎಂದು ನಾನು ತುತ್ತು ಕೈಯಲ್ಲೇ ಹಿಡಿದು ಕೂತಿದ್ದೆ. ಬಂದಾಗ ಕೈಯಲ್ಲಿ ಉಪ್ಪಿನಕಾಯಿ ಇರಲಿಲ್ಲ. ಎರಡು ಬೆರಳಲ್ಲಿ ಒಂದು ರಬ್ಬರ್ ಉಂಗುರ ಜೋತುಬಿದ್ದಿತ್ತು. ಉಪ್ಪಿನಕಾಯಿಯ ಗಾಜಿನ ಬರಣಿಯ ಮುಚ್ಚಳದ ಅಡಿ ಇರುತ್ತದಲ್ಲ, ಗಾಳಿ ಹೋಗಬಾರದೆಂದು, ಅದು.

"ಇದನ್ನ ಹಿಚುಕಿ ನೋಡು."

ಹಿಚುಕಿದೆ. ಮೆತ್ತಗೆ, ಉಬ್ಬಿ, ಹಿಟ್ಟಿನಂತೆ ಇತ್ತು.

"ಹಿಂದಿನ ಸಲ ತಗದು ಒಗದ್ಯಲ್ಲ ಬುಶ್, ಅದು ಹೆಂಗಿತ್ತು?"

ನಾನು ಎಂಜಲುಗೈಯಲ್ಲೇ ಓಡಿದೆ. ಕಾರು ನಿಲ್ಲಿಸುವಲ್ಲಿ ಮೂಲೆಯಲ್ಲಿ ಹಳೆಯ ಬುಶ್ ಬಿದ್ದಿತ್ತು. ತಂದು ಕೊಟ್ಟೆ. ಅದೂ ಹಾಗೇ ಉಬ್ಬಿ ಮೆತ್ತಗಾಗಿತ್ತು. ಕಾಕು ಒಂದು ಕೈಯಲ್ಲಿ ಅದನ್ನು, ಇನ್ನೊಂದು ಕೈಯಲ್ಲಿ ಇದನ್ನು ಹಿಚುಕುತ್ತಾ ಹೊಸ್ತಿಲ ಹತ್ತಿರ ಕುಸಿದು ಕೂತರು.

"ಬ್ಯಾಸಗ್ಯಾಗ ಹಾಕಿದ ಹೊಸಾ ರಬ್ಬರ್ ಇದು. ಬರಣಿ ತುಂಬ ಎಣ್ಣಿ ಸುರುವಿದ್ನಿ, ಅದು ಹತ್ತಿ ಹತ್ತಿ ಹಿಂಗಾಗೇತಿ. ಇದೇನು ರಾಯಾಪುರ ರೋಡಿನ್ಯಾಗ ಓಡೇತೇನೋ ತಮ್ಮಾ?"

ನಾನು ಉಂಗುರ ಈಸಿಕೊಂಡು ಮತ್ತೆ ಹಿಚುಕಿದೆ.

"ನೀವು ರೋಡಿಗೆ ಬೈದ್ರಿ. ಮುಂಬೈಯವರಿಗೆ ಬೈದ್ರಿ. ಕೂಸಿಗೆ ಛಲೋ ಅಂತ ರಬ್ಬರಿಗೂ ಹಚ್ಚಿ, ನಾನಽ ಪ್ರೀತೀಲೆ ಕೊಂದ್ನೆಲ್ಲೋ ಅದನ್ನ!" ಎಂದು ನಗಲು ಹತ್ತಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು, "ಹೋಗು, ದೇಶಪಾಂಡೆ ನಗರದಾಂವನ್ನ ಕರ್ಕೊಂಡ್ ಬಾ" ಎಂದರು.

"ಈಗ್ಯಾಕ್ರಿ ಕಾಕು? ಕಾರಣ ಗೊತ್ತಾತಲ್ರಿ. ಸುಮ್ನ ಹೊಸಾ ಬುಶ್ ಹಾಕಸೂಣು."

"ಮಾತು ಕೊಟ್ಟೇನಿ. ಯುಗಾದಿ ಬಂದಿಲ್ಲ, ಬುಶ್ ಹೋಗೇತಿ. ಕರಿ ಅವನ್ನ."

ಸಣ್ಣ ಸಾಹುಕಾರ್ರು ಬಂದರು. ಕಾಕು ಮೊದಲು ಕೀಲಿಕೈ ಅವರ ಕೈಯಲ್ಲಿಟ್ಟರು, ಆಮೇಲೆ ಕಥೆ ಹೇಳಿದರು. ಬರಣಿಯ ಉಂಗುರ, ಹಳೆಯ ಬುಶ್ ಎರಡನ್ನೂ ಮುಂದಿಟ್ಟರು. ಅವರು ಹಿಚುಕಿ ನೋಡಿ, ಮೂಸಿಯೂ ನೋಡಿದರು.

"ಅಲ್ರಿ ವೈನಿ, ನೀವು ಈ ಮನಿಗೆ ಬಂದಾಗ ನಾ ಇಷ್ಟಽ ಇದ್ದೆ. ನನಗೂ ನೀವಽ ಎಣ್ಣಿ ಹಚ್ಚಿ ಎರದ್ರಿ. ನಾ ಏನ್ ಉಬ್ಬಿ ಕೆಟ್ಟೇನೇನು?"

ಕಾಕು ಅವರ ಹೊಟ್ಟೆಯ ಕಡೆ ನೋಡಿದರು. "ಅದನ್ನಽ ನೋಡಾಕತ್ತೇನಿ ನಾನೂ."

ಒಳಗಿನ ಕೋಣೆಯಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು. ಕೂಸು ಎಚ್ಚೆತ್ತು ಅತ್ತಿತು. ಸಣ್ಣ ಸಾಹುಕಾರ್ರು ಅಷ್ಟು ದೊಡ್ಡ ಮನುಷ್ಯರು, ನಕ್ಕು ಕೆಮ್ಮು ಹತ್ತಿ ನೀರು ಕುಡಿಯಬೇಕಾಯಿತು. ಆಮೇಲೆ ಕೀಲಿಕೈಯನ್ನು ಅಂಗೈಯಲ್ಲಿ ಹೊರಳಿಸುತ್ತಾ ಕೂತರು.

"ಬುಶ್ ತಡೀತೈತೋ ಇಲ್ಲೋ ಅಂತ ನಮ್ಮ ಮಾತಿತ್ತು. ನೀವು ಅದಕ್ಕ ತಡಿಯಾಕಽ ಬಿಟ್ಟಿಲ್ಲ. ಒಂದ್ ಸಲ ಒಣಾದು ಹಾಕಿ ನೋಡೂಣು," ಎಂದು ಎದ್ದು, ಕೀಲಿಕೈಯನ್ನು ಬಾಗಿಲ ಹಿಂದಿನ ಗೂಟಕ್ಕೆ ತಾವೇ ತೂಗುಹಾಕಿದರು. "ಆದ್ರ ಆ ಎಣ್ಣಿ ಬಟ್ಲಾ ನಮ್ಮನಿಗೆ ಕಳಸ್ರಿ."

"ಯಾಕೋ?"

"ನನ್ನ ಮೊಣಕಾಲಿಗೆ."

ಮುಂದೆ ಮಿಸ್ತ್ರಿ ಹೊಸ ಬುಶ್ ಕೂಡಿಸುವಾಗ ಕಾಕು ಪಕ್ಕದಲ್ಲೇ ನಿಂತರು. ಒತ್ತಿ ಕೂಡಿಸಲು ಅವನು ಗ್ರೀಸ್ ಡಬ್ಬಿಗೆ ಕೈ ಹಾಕಿದ್ದೇ ತಡ, "ಏ, ಕೈ ತಗಿ! ಸಾಬಾಣ ನೀರು ಹಚ್ಚು!" ಅಮಾವಾಸ್ಯೆಗೆ ಕುಂಕುಮ, ಕಾಯಿ, ನಿಂಬೆಹಣ್ಣು ಎಲ್ಲ ಇತ್ತು, ಬಟ್ಟಲು ಮಾತ್ರ ಇರಲಿಲ್ಲ. ಇಂಜಿನ್ನಿನ ಎಣ್ಣೆ ಎಲ್ಲಾದರೂ ಜಿನುಗಿದರೂ ನಾನು ಅದೇ ದಿನ ಒರೆಸುತ್ತಿದ್ದೆ. ಆ ಯುಗಾದಿ ದಾಟಿತು. ಅದರ ಮುಂದಿನದೂ ದಾಟಿತು. ಓಣಿಯ ಎಷ್ಟು ಕೂಸುಗಳು ಆ ಕಾರಿನಲ್ಲಿ ಸದ್ದಿಲ್ಲದೆ ಮನೆಗೆ ಬಂದವೋ... ಲೆಕ್ಕ ಇಟ್ಟವರಾರು? ಈಗಲೂ ಹಳೆಯ ದೊಡ್ಡ ಕಾರು ಇಟ್ಟುಕೊಂಡವರು ಯಾರಾದರೂ ಬುಶ್ ಬೇಗ ಹೋಗುತ್ತದೆ ಎಂದರೆ, ನಾನು ಮೊದಲು ಕೆಳಗೆ ಬಗ್ಗಿ ಎಲ್ಲಿಂದ ಎಣ್ಣೆ ತೊಟ್ಟಿಕ್ಕುತ್ತಿದೆ ನೋಡಿ ಅನ್ನುತ್ತೇನೆ. ಹೊಳಪು ಬರಲೆಂದು ಅಡಿಯಲ್ಲಿ ಏನೇನೋ ಹೊಡೆಸಬೇಡಿ ಅನ್ನುತ್ತೇನೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಕಾಕು ಒಂದು ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲ. ಕಾರು ಕೆಲವು ವರ್ಷ ನಿಂತೇ ಇತ್ತು. ಆಮೇಲೆ ಹಳೆಯ ಕಾರುಗಳನ್ನು ಜೋಪಾನ ಮಾಡುವ ಒಬ್ಬರು ಬಂದು ಒಯ್ದರು. ಒಯ್ಯುವ ದಿನ ನಾನು ಕೆಳಗೆ ಮಲಗಿ ಬುಶ್ ಒತ್ತಿ ನೋಡಿದೆ. ಗಟ್ಟಿಯಾಗಿತ್ತು... ಅಲ್ಲೇ ಸ್ವಲ್ಪ ಹೊತ್ತು ಮಲಗಿದ್ದೆ.

ಮೊನ್ನೆ ಮೊಮ್ಮಗಳ ತೊಟ್ಟಿಲಿಗೆ ಕರೆಯಲು ದೇಶಪಾಂಡೆ ನಗರಕ್ಕೆ ಹೋಗಿದ್ದೆ. ಸಣ್ಣ ಸಾಹುಕಾರ್ರು ಈಗ ಕೋಲು ಹಿಡಿದಿದ್ದಾರೆ, ಕಿವಿ ಪೂರಾ ಮಂದ. ಸುದ್ದಿಯನ್ನು ಕೂಗಿ ಹೇಳಬೇಕಾಯಿತು. ನನಗೇನು, ಕೂಗಲು ಒಂದು ನೆಪ ಬೇಕಾಗಿತ್ತು! "ಮಮ್ಮಗಳು ಹುಟ್ಯಾಳ್ರೀ! ಮಮ್ಮಗಳು!" ಎದುರು ಮನೆಯವರೂ ಹೊರಗೆ ಬಂದರು. ಅವರಿಗೂ ಪೇಢೆ ಕೊಟ್ಟೆ.

"ಎಣ್ಣಿ ಹಚ್ಚಿ ಎರಿಯಾಕ ಯಾರದಾರ?" ಎಂದು ಕೇಳಿದರು.

"ನಮ್ಮ ಮನ್ಯಾಕೀನಽ ಎರೀತಾಳ್ರೀ! ಕೂಸು ಗುಂಡಗ ಐತ್ರೀ! ಭಾಳ ಗುಂಡಗ!"

ಅವರು ತಲೆಯಾಡಿಸಿದರು. ಪೇಢೆಯನ್ನು ಬಾಯಿಗೆ ಇಡದೆ ಕೈಯಲ್ಲೇ ಹಿಡಿದುಕೊಂಡರು.

"ವೈನಿ ಇರಬೇಕಾಗಿತ್ತು."

"ಹೌದ್ರಿ," ಎಂದೆ. ಇಷ್ಟು ಹೊತ್ತು ಓಣಿಗೆಲ್ಲ ಕೇಳುವಂತೆ ಕೂಗಿದವನಿಗೆ, ಅದೊಂದನ್ನು ಕೂಗಿ ಹೇಳಲು ಆಗಲಿಲ್ಲ. ಅವರಿಗೆ ಕೇಳಿಸಿತೋ ಇಲ್ಲವೋ...