ಹುದಿಕೇರಿಯಲ್ಲಿ ನನ್ನ ಪರವಾಗಿ ಮಾತಾಡಿದವರು

ಮಂಗಳೂರಿನಿಂದ ಬೆಳಗಿನ ಬಸ್ಸು ಹತ್ತಿ ಸಂಪಾಜೆಯ ಗಡಿ ದಾಟಿದಾಗ ಮದ್ರಾಸು ರಾಜ್ಯ ಹಿಂದೆ ಉಳಿದು ಕೊಡಗು ರಾಜ್ಯ ಶುರುವಾಯಿತು. ಮಡಿಕೇರಿಯಲ್ಲಿ ಇಳಿದಾಗ ಬಿಸಿಲಿದ್ದರೂ ಚಳಿ. ಮೈಸೂರಿನಿಂದ ಬಂದಿದ್ದ ಸಲೋಮಿಯಮ್ಮ ನಿಲ್ದಾಣದಲ್ಲೇ ಕಾಯುತ್ತಿದ್ದರು.

ಹುದಿಕೇರಿ ಕಡೆಯ ಎಸ್ಟೇಟುಗಳಲ್ಲಿರುವ ನಮ್ಮ ಕ್ರೈಸ್ತ ಹೆಂಗಸರಿಗೆ ಕ್ರಿಸ್ಮಸ್ಸಿಗೆ ಮುಂಚೆ ವೇದಪಾಠ ಹೇಳಲು ಚರ್ಚಿನವರು ನಮ್ಮಿಬ್ಬರನ್ನೂ ಕಳಿಸಿದ್ದರು. ನಮ್ಮಿಬ್ಬರ ಎರಡು ಚರ್ಚ್ ಸಭೆಗಳು ಒಂದಾಗಿ ಕೆಲವು ವರ್ಷಗಳಾಗಿದ್ದವು, ಮನಸ್ಸುಗಳು ಆಗಿರಲಿಲ್ಲ. ರಕ್ಷಣೆ ಹೊಂದುವವರನ್ನು ದೇವರು ಮೊದಲೇ ಆರಿಸಿದ್ದಾನೆಂದು ರಿಫಾರ್ಮ್ಡ್ ಪಂಥದ ಮನೆಯಲ್ಲಿ ಬೆಳೆದ ನಾನು ಕಲಿತಿದ್ದೆ. ಕೃಪೆ ಎಲ್ಲರಿಗೂ ಚಾಚಿದೆ, ಒಪ್ಪುವುದೂ ಬಿಡುವುದೂ ಮನುಷ್ಯನಿಗೆ ಸೇರಿದ್ದು ಎಂದು ಸಲೋಮಿಯಮ್ಮನ ಅರ್ಮೀನಿಯನ್ ಪಂಥದ ಹಿರಿಯರು ಕಲಿಸಿದ್ದರು.

ಗೋಣಿಕೊಪ್ಪದಲ್ಲಿ ಬಸ್ಸು ಬದಲಿಸಿದೆವು. ನಮ್ಮನ್ನು ಕರೆದೊಯ್ಯಲು ಬಂದಿದ್ದ ಲಿಲ್ಲಿಯಮ್ಮ ಹಿಂದಿನ ಸೀಟಿನಲ್ಲಿ ಕುಳಿತರು. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಅವರ ಗಂಡ ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದರು. ನನಗೆ ತಿಳಿದದ್ದು ಅಷ್ಟೇ. ದಾರಿಯಲ್ಲಿ ಸಲೋಮಿಯಮ್ಮನಿಗೂ ನನಗೂ ಮಾತಿಗೆ ಮಾತು ಬೆಳೆಯಿತು, ಬೆಳೆಸಿದವಳು ನಾನೇ.

“ಹಾಗಾದರೆ ನಿಮ್ಮ ದೇವರು ಸಂತೆಯಲ್ಲಿ ಕೂಗಿ ಮಾರುವವನು. ಯಾರೂ ಕೊಳ್ಳದಿದ್ದರೆ ಬುಟ್ಟಿ ಹೊತ್ತು ವಾಪಸ್ಸು” ಎಂದೆ. ಆಯ್ಕೆಯಾದವರು ಬಂದೇ ಬರುತ್ತಾರೆ, ಬಾರದವರು ಆಯ್ಕೆಯಾಗಿರಲೇ ಇಲ್ಲ ಎಂದೂ ಸೇರಿಸಿದೆ. ಪಕ್ಕದಲ್ಲಿದ್ದ ಅರೆಭಾಷೆ ಆಡುವ ರೈತರೊಬ್ಬರು ನಕ್ಕು, “ಒಬ್ಬನೇ ದೇವರಿಗೆ ಇಷ್ಟ್ ಜಗಳ ಉಟ್ಟಾ?” ಎಂದರು. ಸಲೋಮಿಯಮ್ಮ ಮುಖ ಕೆಂಪಾಗಿ ಕಿಟಕಿಯತ್ತ ತಿರುಗಿದರು. ಗೆದ್ದೆ ಅಂದುಕೊಂಡೆ.

ಲಿಲ್ಲಿಯಮ್ಮನ ಮನೆ ಕೂಲಿಯವರ ಲೈನುಮನೆಗಳ ಮೇಲಿನ ದಿಬ್ಬದಲ್ಲಿತ್ತು. ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲ, ಅಂಗಳದ ತುಂಬ ಒಣಗುವ ಕಾಫಿಯ ಹುಳಿವಾಸನೆ. ಅಕ್ಕಿರೊಟ್ಟಿ, ಕುಂಬಳಕಾಯಿ ಪಲ್ಯ ಬಡಿಸಿದರು. ಊಟ ಮುಗಿಯುತ್ತಿದ್ದಂತೆ ಸೌಟು ಹಿಡಿದೇ ನನ್ನೆದುರು ಕುಳಿತರು.

“ಟೀಚರ್, ಬಸ್ಸಲ್ಲಿ ನೀವು ಹೇಳಿದ್ದು ಕೇಳಿಸ್ಕೊಂಡೆ. ನಮ್ಮವ್ರು ಕೊನೇ ವರ್ಷಗಳಲ್ಲಿ ಪ್ರಾರ್ಥನೆಗೇ ಬರ್ತಿರ್ಲಿಲ್ಲ. ಹಾಗೇ ಹೋಗ್ಬಿಟ್ರು. ದೇವ್ರು ಅವ್ರನ್ನ ಆರಿಸಿರ್ಲಿಲ್ಲ ಅಂತಲಾ?”

ನಾನು ತಟ್ಟೆಯಲ್ಲಿ ಉಳಿದಿದ್ದ ರೊಟ್ಟಿಯ ಚೂರನ್ನು ಮುರಿಯತೊಡಗಿದೆ. ಸಲೋಮಿಯಮ್ಮನಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ನನ್ನ ಬೋಧನೆ ಎಷ್ಟು ಕ್ರೂರ ಎಂದು ಒಂದೇ ಮಾತಲ್ಲಿ ತೋರಿಸಬಹುದಿತ್ತು.

“ಟೀಚರ್ ಸಭೆಯವ್ರು ಹಾಗೆ ಹೇಳೋದಿಲ್ಲಮ್ಮ” ಎಂದರು ಅವರು. “ಯಾರನ್ನ ಆರಿಸಿದಾನೆ ಅನ್ನೋದು ದೇವ್ರೊಬ್ಬನಿಗೇ ಗೊತ್ತು, ಯಾರ ಸಮಾಧಿ ಮೇಲೂ ಮನುಷ್ಯರು ತೀರ್ಪು ಬರೀಬಾರ್ದು ಅಂತಾರೆ. ನಮ್ಮ ಕೈ ಸಡಿಲವಾದ್ರೂ ಆತನ ಕೈ ಸಡಿಲವಾಗಲ್ಲ ಅನ್ನೋದು ಅವರ ನಂಬಿಕೆ. ಎಲ್ಲಾನೂ ನಾನು ಒಪ್ಪಲ್ಲ. ಆದ್ರೆ ಅವರು ನಂಬೋದು ಇದನ್ನೇ.”

ಲಿಲ್ಲಿಯಮ್ಮ ನನ್ನತ್ತ ತಿರುಗಿ, “ಹೌದಾ ಟೀಚರ್?” ಎಂದರು. ನನ್ನ ತಂದೆ ನನಗೆ ಕಲಿಸಿದ್ದು ಅಕ್ಷರಶಃ ಅದೇ. ಬಸ್ಸಿನಲ್ಲಿ ಅದರ ಒಂದು ಮಾತನ್ನೂ ನಾನು ಹೇಳಿರಲಿಲ್ಲ. “ಹೌದು” ಎಂದೆ. ಅವರು ಸೆರಗಿನಿಂದ ಕಣ್ಣೊರಸಿಕೊಂಡು ಇನ್ನೊಂದು ರೊಟ್ಟಿ ತರಲು ಎದ್ದರು.

ಪಾಠಗಳು ಚೆನ್ನಾಗಿಯೇ ನಡೆದವು. ವಾರದ ಕೊನೆಗೆ ಮಡಿಕೇರಿಯ ನಿಲ್ದಾಣದಲ್ಲಿ ಸಲೋಮಿಯಮ್ಮನಲ್ಲಿ ಕ್ಷಮೆ ಕೇಳಿದೆ, ಅವರ ಮಾತನ್ನು ಇನ್ನೂ ಒಪ್ಪಲಾರೆನೆಂದೂ ಹೇಳಿದೆ. “ಒಪ್ಪೋದು ಬೇಡ ಟೀಚರ್. ಮುಂದಿನ ಸಲ ನನ್ನ ಮಾತನ್ನ ನಾನು ಹೇಳೋ ಹಾಗೆ ಹೇಳಿ, ಸಾಕು” ಎಂದರು. ಮೈಸೂರಿನ ಬಸ್ಸು ಮೊದಲು ಹೊರಟಿತು.

ಘಾಟಿ ಇಳಿಯುವಾಗ, ಅವರು ಕೇಳಿದರೆ ತಲೆದೂಗುವಂತೆ ಅವರ ನಂಬಿಕೆಯನ್ನು ಮನಸ್ಸಿನಲ್ಲೇ ಹೇಳಲು ಕೂತೆ. ಎರಡನೆಯ ವಾಕ್ಯಕ್ಕೇ ನಿಂತೆ. ಮುಂದಿನದು ನನಗೆ ಗೊತ್ತಿರಲಿಲ್ಲ. ಅಷ್ಟು ದಿನ ಜೊತೆಗಿದ್ದೂ ನಾನು ಒಮ್ಮೆಯೂ ಕೇಳಿರಲಿಲ್ಲ. ಮದ್ರಾಸು ರಾಜ್ಯದಲ್ಲಿ ಪಾನನಿಷೇಧವಿದ್ದುದರಿಂದ ಸಂಪಾಜೆಯಲ್ಲಿ ಪೊಲೀಸರು ಕದ್ದು ತರುವ ಹೆಂಡಕ್ಕಾಗಿ ಎಲ್ಲರ ಚೀಲ ತಡಕಿ, ಕೈಯಲ್ಲಿದ್ದ ಬೈಬಲ್ ನೋಡಿ ನನ್ನದನ್ನು ಬಿಚ್ಚದೆಯೇ ಬಿಟ್ಟರು: ವೇದಪಾಠದ ಟೀಚರ್ ಅಲ್ಲವೇ, ನಂಬಬಹುದು ಎಂದು.