ಸೋರದ ಡೇರೆ

ಹೋದ ವಾರ ಬೀದರಿನ ಮೋಟಾರ್ ನಿಲ್ದಾಣದಲ್ಲಿ ಮಳೆ ಹಿಡಿಯಿತು. ಎದುರಿನ ಚಹಾದಂಗಡಿಯವನು ಬಾಗಿಲ ಮುಂದೆ ಹಳೆಯ ತಾಡಪತ್ರಿ ಕಟ್ಟಿದ್ದ. ಅದರಡಿ ನುಗ್ಗಿ ನಿಂತೆ. ನೆನೆದ ದಪ್ಪ ಬಟ್ಟೆ, ಮೇಣ, ಅಗಸೆ ಎಣ್ಣೆ, ಮೂರೂ ಕೂಡಿದ ಒಂದು ವಾಸನೆ ಮೂಗಿಗೆ ಬಡಿಯಿತು. ಅಷ್ಟರಲ್ಲಿ ಪಕ್ಕದ ಹೆಂಗಸಿನ ಸೊಂಟದ ಮೇಲಿದ್ದ ಕೂಸು, ನೀರು ನಿಂತು ಜೋತಿದ್ದ ಬಟ್ಟೆಗೆ ಬೆರಳು ಚಾಚಿತು.

"ಮುಟ್ಟಬ್ಯಾಡ!" ಎಂದು ಚೀರಿಬಿಟ್ಟೆ.

ಕೂಸು ಅಳತೊಡಗಿತು. ತಾಯಿ ನನ್ನನ್ನು ದುರುಗುಟ್ಟಿ ನೋಡಿದಳು. "ಕೂಸು ಬಟ್ಟಿ ಮುಟ್ಟಿದ್ರ ನಿಮ್ಮ ಗಂಟೇನ್ ಹೋಯ್ತ್ರಿ ಅಣ್ಣಾ?"

ಹೋಗುವುದು ನನ್ನ ಗಂಟಲ್ಲ, ನಿಜ. ಆದರೆ ನೆನೆದ ಡೇರೆಯನ್ನು ಒಳಗಿನಿಂದ ಮುಟ್ಟಿದರೆ ಮುಟ್ಟಿದ ಜಾಗದಿಂದಲೇ ಸೋರಲು ಶುರುವಾಗುತ್ತದೆ. ಇದನ್ನು ನನಗೆ ಕಲಿಸಿದವರು ಭಾಲ್ಕಿಯ ಮಾಸ್ತರ್ ಸಾಬರು...

ನಮ್ಮ ಓಣಿಯ ಕೊನೆಯ ಮನೆ ಅವರದು. ನಿಜಾಮನ ಕಾಲದ ಉರ್ದು ಶಾಲೆಯಲ್ಲಿ ಚರಿತ್ರೆ ಹೇಳುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಮಗೆ ವಾದ ಮಾಡುವುದನ್ನು ಕಲಿಸುತ್ತಿದ್ದರು. ಎದುರಿನವನ ಮಾತನ್ನು ಮೊದಲು ಅವನಿಗಿಂತ ಚೆನ್ನಾಗಿ ಹೇಳಿ ತೋರಿಸು, ಆಮೇಲೆ ಮುರಿ, ಎನ್ನುವುದು ಅವರ ಪಾಠ. ನಾನು ಇಂದು ಕೋರ್ಟಿನಲ್ಲಿ ಉಣ್ಣುತ್ತಿರುವುದು ಆ ಪಾಠದ ಅನ್ನ.

ಅವರಿಗೊಂದು ಹುಚ್ಚಿತ್ತು. ರಜೆ ಬಂದರೆ ಸಾಕು, ಹೆಂಡತಿ ಮಕ್ಕಳನ್ನು ಎತ್ತಿನ ಗಾಡಿಯಲ್ಲಿ ಕೂಡಿಸಿಕೊಂಡು ಔರಾದ್ ಕಡೆಗೆ, ಮಾಂಜ್ರಾ ದಂಡೆಗೆ ಹೋಗಿ ಡೇರೆ ಹಾಕಿಕೊಂಡು ಇರುತ್ತಿದ್ದರು. ಬೇಸಿಗೆಯಲ್ಲೂ, ಚಳಿಯಲ್ಲೂ. ಮಕ್ಕಳು ಆಕಾಶ ನೋಡಬೇಕು, ಗಾಳಿ ಮಳೆಗೆ ಹೆದರಬಾರದು ಎನ್ನುವುದು ಅವರ ಕಾರಣ. ಗಾಡಿ ಹೊರಟಾಗ ಓಣಿಯ ಕಟ್ಟೆಯ ಮೇಲಿನವರು ಕೂಗುತ್ತಿದ್ದರು: "ಮನಿ ಬಿದ್ದದ ಏನ್ರಿ ಮಾಸ್ತರ್ ಸಾಬ್?" ಅವರೂ ನಗುತ್ತ ಕೈ ಬೀಸುತ್ತಿದ್ದರು.

ಒಮ್ಮೆ ಹಳೆಯ ಡೇರೆ ಬಿರುಗಾಳಿಗೆ ಹರಿದುಹೋಯಿತು. ಹೊಸದನ್ನು ಕೊಳ್ಳಲು ಬೀದರಿಗೆ ಹೊರಟಾಗ ನನ್ನನ್ನೂ ಕರೆದೊಯ್ದರು. ಮಹಾಯುದ್ಧ ಮುಗಿದು, ಫೌಜಿನ ಹಳೆಯ ಸಾಮಾನು ಹರಾಜಿನಲ್ಲಿ ಹಿಡಿದು ಮಾರುವ ಅಂಗಡಿಗಳು ಎದ್ದಿದ್ದ ಕಾಲವದು. ಒಂದು ಬಿಳಿ ಡೇರೆ, ಒಂದು ಹಸಿರು ಡೇರೆ. ನನ್ನನ್ನು ಬಿಳಿಯದರ ಪರ ನಿಲ್ಲಿಸಿ ತಾವು ಹಸಿರಿನ ಪರ ನಿಂತರು. ತೀರ್ಪು ಹೇಳುವವರು ಬುರ್ಖಾ ತೊಟ್ಟು ಜೊತೆಗೆ ಬಂದಿದ್ದ ಅವರ ಬೇಗಂ.

ಬಿಳಿಯದು ಹಗುರ, ಒಬ್ಬನೇ ಎತ್ತಬಹುದು, ಬಿಸಿಲು ಹೀರುವುದಿಲ್ಲ ಎಂದೆ. ಒಪ್ಪಿದರು, ನನಗಿಂತ ಚೆನ್ನಾಗಿ ಹೇಳಿ ಒಪ್ಪಿದರು. ಆಮೇಲೆ ಮುರಿದರು. ಹಸಿರಿಗೆ ಎರಡು ಪದರ, ನಡುವೆ ಗಾಳಿ ಆಡುತ್ತದೆ, ಆದ್ದರಿಂದ ಬೇಸಿಗೆಗೂ ಅದೇ ತಂಪು. ಹೊಲಿಗೆಗಳಿಗೆಲ್ಲ ಮೇಣ ತಿಕ್ಕಿದ್ದಾರೆ. ಭಾಲ್ಕಿಯ ಗಟ್ಟಿ ಮುರ್ರಂ ಕಲ್ಲುನೆಲಕ್ಕೆ ಕಬ್ಬಿಣದ ಗೂಟ, ನದಿ ದಂಡೆಯ ಎರೆ ಮಣ್ಣಿಗೆ ಉದ್ದನೆಯ ಮರದ ಗೂಟ, ಎರಡೂ ಇವೆ. ಕೊನೆಗೆ ಬಟ್ಟೆಯನ್ನು ಬಟ್ಟಲಿನ ಹಾಗೆ ಹಿಡಿಸಿ ತಂಬಿಗೆ ನೀರು ಸುರಿದು, ಚಹಾ ತರಿಸಿ ಕುಡಿಯುತ್ತ ಕುಳಿತರು. ಕೆಳಗೆ ಒಂದು ಹನಿಯೂ ಬೀಳಲಿಲ್ಲ.

ಅಂಗಡಿಯವನು ಬೇಸತ್ತ. "ಸಾಬ್, ಡೇರೆ ತಗೋತೀರೋ, ಡೇರೆಗೆ ಹೆಣ್ಣು ಕೊಡ್ತೀರೋ?"

ಬೇಗಂ ಹಸಿರು ಡೇರೆಯೊಳಗೆ ಹೋಗಿ ನೆಟ್ಟಗೆ ನಿಂತು ನೋಡಿ, "ಇದೇ ಇರ್ಲಿ. ನಿಂತು ನಮಾಜ್ ಮಾಡ್ಲಿಕ್ಕ ಆಗ್ತದ," ಎಂದರು. ನಾನು ಸೋತೆ.

ಆಮೇಲೆ ನಿಜಾಮನ ಪರ ದಂಡು ಕಟ್ಟಿದ ರಜಾಕಾರರ ಕಾಲ. ಔರಾದ್ ಕಡೆ ಹಳ್ಳಿಗಳು ಉರಿದವು. ಅದನ್ನು ನಾನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟರೆ ಮಾಸ್ತರ್ ಸಾಬರ ಶಿಷ್ಯನೇ ಅಲ್ಲ. ಆಮೇಲೆ ಪೊಲೀಸ್ ಕಾರ್ಯಾಚರಣೆ. ದೆಹಲಿಯ ಫೌಜು ಬಂತು, ರಜಾಕಾರರು ಓಡಿದರು. ಓಡದೆ ಊರಲ್ಲೇ ಉಳಿದ ಮುಸಲ್ಮಾನರ ಮೇಲೆ ಸೇಡು ತಿರುಗಿತು. ಅದನ್ನೂ ಮುಚ್ಚಿಡುವುದಿಲ್ಲ. ಇಂದು ಮೊದಲನೆಯದನ್ನು ಭಾಷಣಗಳಲ್ಲಿ ಹೇಳುವ ಜನ ಎರಡನೆಯದರ ಹೊತ್ತಿಗೆ ಕೆಮ್ಮುತ್ತಾರೆ.

ಮಾಸ್ತರ್ ಸಾಬರು ಎಂದಿನ ಹಾಗೆ ಗಾಡಿ ಹೂಡಿ, ಡೇರೆ ಹೇರಿಕೊಂಡು ನದಿ ದಂಡೆಗೆ ಹೋದರು. ಕಟ್ಟೆಯ ಮೇಲೆ ಆ ದಿನ ಯಾರೂ ಇರಲಿಲ್ಲ. ಗಲಾಟೆ ತಣ್ಣಗಾದ ಮೇಲೆ ಮರಳಿ ಬಂದರೆ ಮನೆಯಲ್ಲಿ ಔರಾದ್ ಕಡೆಯ ಕುರಿಗಾರರ ಕುಟುಂಬವಿತ್ತು. ರಜಾಕಾರರು ಅವರ ಮನೆ ಸುಟ್ಟು ಕುರಿ ಹೊಡೆದುಕೊಂಡು ಹೋಗಿದ್ದರು. ನಮ್ಮ ಓಣಿಯ ಹಿರಿಯರೇ ಅವರಿಗೆ ಬೀಗ ಒಡೆದು ಕೊಟ್ಟಿದ್ದರು. ಹಿರಿಯರಿಗೆ ಸ್ವಂತ ಮನೆಗಳಲ್ಲಿ ಒಂದು ಕೋಣೆ ಕೊಡುವುದಕ್ಕಿಂತ ಅದು ಸುಲಭವಾಗಿತ್ತು.

ಮನೆಯ ತಕರಾರು ಪಂಚರ ಮುಂದೆ ಹೋಯಿತು. ಅಲ್ಲಿ ಆ ಕುಟುಂಬದ ಮುದುಕ ಕೇಳಿದ: "ನಮ್ಮ ಮನಿ ಸುಡಾಗ ನೀವೆಲ್ಲಿದ್ರಿ ಸಾಬ್?"

"ಮನ್ಯಾಗ ಇದ್ದೆ," ಎಂದರು ಮಾಸ್ತರ್ ಸಾಬರು. "ಬಾಗ್ಲಾ ಹಾಕ್ಕೊಂಡಿದ್ದೆ."

ಆ ಒಂದು ಮಾತಿಗೆ ಪಂಚರು ತಲೆದೂಗಿದರು, ಮನೆ ಕುರಿಗಾರರ ಬಳಿಯೇ ಉಳಿಯಿತು. ತಲೆದೂಗಿದವರೆಲ್ಲರೂ ಆಗ ಬಾಗಿಲು ಹಾಕಿಕೊಂಡವರೇ! ಹೇಳಿದವರು ಮಾತ್ರ ಅವರೊಬ್ಬರು.

ಮಾಸ್ತರ್ ಸಾಬರ ನೌಕರಿಯೂ ಹೊಸ ಸರ್ಕಾರದ ವಿಚಾರಣೆಯಲ್ಲಿ ಸಿಕ್ಕಿತ್ತು. ಬಾಡಿಗೆ ಮನೆ ಯಾರೂ ಕೊಡಲಿಲ್ಲ. ಶಾಲೆಯ ಹಿಂದಿನ ದಿಣ್ಣೆಯ ಮೇಲೆ ಡೇರೆ ಎದ್ದಿತು. ಚಳಿ ಕಳೆಯಿತು, ಬೇಸಿಗೆ ಕಳೆಯಿತು, ಮಳೆಗಾಲ ಬಂತು. ಡೇರೆ ಹರಿಯಲಿಲ್ಲ, ವಾಲಲಿಲ್ಲ. ಮಕ್ಕಳು ಕೈಗಳನ್ನು ಎದೆಗೆ ಕಟ್ಟಿಕೊಂಡೇ ಮಲಗುವುದನ್ನು ಕಲಿತವು, ಒಳಪದರ ಒತ್ತಿ ಮೇಲಿನ ನೆನೆದ ಬಟ್ಟೆಗೆ ತಗಲಬಾರದೆಂದು. ಮನೆಯ ಮಾತೆತ್ತಿದಾಗಲೆಲ್ಲ ಓಣಿಯವರದು ಒಂದೇ ಉತ್ತರ: "ಮಾಸ್ತರ್ ಸಾಬ್ರಿಗೇನ್ ಕಡಿಮಿ ಆಗ್ಯಾದ? ಅವರ ಡೇರೆ ನಮ್ಮ ಮನಿಗಿಂತ ಗಟ್ಟಿ ಅದ. ಮೊದಲಿಂದ ಬಯಲಾಗ ಮಲ್ಗೋ ಶೋಕಿ ಬ್ಯಾರೆ!"

ಮನೆಗಳ ತಕರಾರು ನೋಡಲು ಹೊರಗಿನಿಂದ ಒಬ್ಬ ಅಧಿಕಾರಿ ಬರುತ್ತಾನೆಂದು ಸುದ್ದಿಯಾಯಿತು. ನಾನು ಓಡಿದೆ. "ಸಾಬ್, ಡೇರೆಗೆ ಒಂದು ಸೀಳು ಹಾಕ್ರಿ. ಎರಡು ಪದರಾನೂ ಸೀಳ್ರಿ. ಸೋರೋದು ಅಂವ ಕಣ್ಣಾರೆ ನೋಡ್ಲಿ."

"ಅದು ಸುಳ್ಳು ಸಾಕ್ಷಿ ಆಗ್ತದ."

"ಮಕ್ಕಳು ಬಯಲಾಗ ಇರೋದು ಸುಳ್ಳೇನ್ರಿ?"

ಅವರು ಎದ್ದು ಹೋಗಿ ಗೂಟದ ಹಗ್ಗ ಬಿಗಿದರು. ಇಂದಿಗೂ ನನ್ನ ವಾದವೇ ಸರಿ ಎನ್ನುತ್ತೇನೆ. ಸಜ್ಜನಿಕೆ ಎನ್ನುವುದು ಎದುರಾಳಿಗೂ ಇದ್ದಾಗ ಮಾತ್ರ ನಡೆಯುವ ನಾಣ್ಯ.

ಅಧಿಕಾರಿ ಬಂದದ್ದು ಜೋರು ಮಳೆಯಲ್ಲೇ. ಬೇಗಂ ನೆಲ ಗುಡಿಸಿ, ಚಾಪೆ ಹಾಸಿ, ಪರದೆಯ ಹಿಂದಿನಿಂದ ಚಹಾ ಕಳಿಸಿದರು. ಬಂದವರನ್ನು ಹಾಗೇ ಕಳಿಸುವ ಮನೆತನವಲ್ಲ. ಅವನು ಚಹಾ ಕುಡಿಯುತ್ತ ಮೇಲೆ ನೋಡಿದ, ಸುತ್ತ ನೋಡಿದ, ಒಣಗಿದ ಚಾಪೆಯ ಮೇಲೆ ಕೈಯಾಡಿಸಿದ. ತನಗೆ ಸರ್ಕಾರ ಕೊಟ್ಟ ಡೇರೆಯೂ ಇಷ್ಟು ಚೆನ್ನಾಗಿಲ್ಲ ಎಂದು ಹಿಂದಿಯಲ್ಲಿ ಹೇಳಿ ನಕ್ಕ. ತುರ್ತು ಇರುವವರ ತಕರಾರು ಮೊದಲು ನೋಡುತ್ತೇನೆ, ನಿಮ್ಮದು ಆಮೇಲೆ, ಎಂದು ಛತ್ರಿ ಬಿಚ್ಚಿಕೊಂಡು ಹೊರಟ.

ಆಗ ಬೇಗಂ ಪರದೆ ಸರಿಸಿ ಹೊರಬಂದರು. ನಾನಿದ್ದೇನೆ ಎನ್ನುವುದನ್ನೂ ಮರೆತಂತೆ ಡೇರೆಯ ನಡುವೆ ನಿಂತರು. ಒಳಪದರವನ್ನು ಎತ್ತಿ, ಕೈ ತೂರಿಸಿ, ನೆನೆದ ಮೇಲಿನ ಬಟ್ಟೆಗೆ ಅಂಗೈಯನ್ನು ಒತ್ತಿ ಹಿಡಿದರು. ನೀರು ಮೊದಲು ಬೆರಳುಗಳ ಸಂದಿನಿಂದ ಇಳಿಯಿತು, ಆಮೇಲೆ ಮುಂಗೈ ಮೇಲೆ, ಆಮೇಲೆ ತೋಳಿನ ಗುಂಟ... ಮಾಸ್ತರ್ ಸಾಬರು ನೋಡುತ್ತ ಕುಳಿತಿದ್ದರು. ಕೈ ತೆಗೆ ಎನ್ನಲಿಲ್ಲ.

ಮಳೆಗಾಲ ಮುಗಿಯುವ ಮೊದಲೇ ಅವರು ಭಾಲ್ಕಿ ಬಿಟ್ಟರು. ಹೈದರಾಬಾದಿಗೆ ಎಂದರು ಕೆಲವರು, ಕರಾಚಿಗೆ ಎಂದರು ಕೆಲವರು. ಯಾರಿಗೂ ಸರಿಯಾಗಿ ಗೊತ್ತಿಲ್ಲ, ಯಾರೂ ಕೇಳಲೂ ಇಲ್ಲ...

ಚಹಾದಂಗಡಿಯ ಮುಂದೆ ಆ ತಾಯಿ, ನನ್ನ ಮೇಲಿನ ಹಟಕ್ಕೋ ಏನೋ, ಕೂಸನ್ನು ಎತ್ತಿ ಹಿಡಿದು ಬಟ್ಟೆ ಮುಟ್ಟಿಸಿದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಹನಿ ಬೀಳತೊಡಗಿತು. ಯಾರೋ ಕೂಗಿದರು: "ಮಾಲಕ್, ನಿಮ್ಮ ತಾಡಪತ್ರಿ ಸೋರ್ಲಕತ್ತದ ನೋಡ್ರಿ!"

"ಇವತ್ತೇ ಬದಲ್ ಮಾಡಸ್ತೇನ್ರಿ," ಎನ್ನುತ್ತ ಅಂಗಡಿಯವನು ಆಗಲೇ ಏಣಿ ಹೊತ್ತು ತಂದ.

ಒಂದು ಹನಿ ಸಾಕಾಯಿತು. ಸೋರುವುದನ್ನು ಕಣ್ಣಾರೆ ತೋರಿಸಬೇಕೆಂಬ ನನ್ನ ಅಂದಿನ ವಾದ ಗೆದ್ದಿತ್ತು. ಹೇಳಿ ಒಪ್ಪಿಸೋಣವೆಂದರೆ, ಮುರಿಯುವ ಮೊದಲು ನನ್ನ ಮಾತನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಈಗ ಈ ಊರುಗಳಲ್ಲಿಲ್ಲ.